ಹುಲ್ಲು ಚಿಗುರಿತು, ಹುಲ್ಲು ಯಾರದು?



ನಿಮ್ಮ ಊರಿನ ಹೊಲಗಳೆಲ್ಲ ಮುಗಿದ ಮೇಲೆ ಒಂದು ಗುಡ್ಡವೋ, ಕಲ್ಲು ಬೋರೆಯೋ, ಹಳ್ಳದ ದಡವೋ ಇದ್ದೇ ಇರುತ್ತದೆ. ಅಲ್ಲಿ ಯಾರೂ ನೇಗಿಲು ಹೂಡುವುದಿಲ್ಲ. ದನ ಕುರಿ ಮೇಯುತ್ತವೆ, ಹೆಂಗಸರು ಪುರುಳೆ ಆರಿಸುತ್ತಾರೆ, ಸೀತಾಫಲದ ಕಾಲಕ್ಕೆ ಮಕ್ಕಳು ಹೋಗಿ ಮಡಿಲು ತುಂಬಿಕೊಂಡು ಬರುತ್ತಾರೆ. ಆ ಜಾಗವನ್ನು ನೀವು ಏನೆಂದು ಕರೆಯುತ್ತೀರಿ? ನಮ್ಮ ಮಡಕಶಿರಾ, ರಾಯದುರ್ಗದ ಕಡೆ ಮನೆಯೊಳಗೆ ಕನ್ನಡದಲ್ಲಿ ಗೋಮಾಳ ಎನ್ನುತ್ತೇವೆ. ಕಚೇರಿಯ ಮೆಟ್ಟಿಲು ಹತ್ತಿದರೆ ತೆಲುಗಿನಲ್ಲಿ ಅದೇ ಜಾಗ ಬಂಜರು ಎಂದೋ ಪೋರಂಬೋಕು ಎಂದೋ ಆಗಿಬಿಡುತ್ತದೆ. ಜತ್ತ, ಅಕ್ಕಲಕೋಟೆಯ ಬಂಧುಗಳಿಗೆ ಅದು ಗಾಯರಾನ. ಹೊಸೂರು, ತಾಳವಾಡಿ, ಕಾಸರಗೋಡಿನವರಿಗೂ ಪೊರಂಬೋಕು ಎಂಬ ಮಾತು ಹೊಸದಲ್ಲ.

ಈ ಪೊರಂಬೋಕು ಎಂಬ ಮಾತು ತಮಿಳಿನಿಂದ ಬಂದದ್ದು. ಅಲ್ಲಿ ಪುರಂ ಎಂದರೆ ಹೊರಗೆ. ಕಂದಾಯದ ಲೆಕ್ಕದಿಂದ ಹೊರಗೆ ಉಳಿದದ್ದು ಎಂಬುದೇ ಅದರ ಅರ್ಥ. ಇಂದಿನ ಮಾತಿಗೆ ಇದೇ ಬೀಜ. ಹಾಳಾದ ನೆಲವನ್ನು ಊರ ಜನ ಸೇರಿ ಮತ್ತೆ ಹಸಿರು ಮಾಡಿದ ಕಥೆಗಳನ್ನು ನೀವು ಕೇಳಿದ್ದೀರಿ. ಗಿಡ ನೆಟ್ಟರು, ಒಡ್ಡು ಹಾಕಿದರು, ನೀರು ಬಂತು ಎನ್ನುವಲ್ಲಿಗೆ ಆ ಕಥೆ ಸಾಮಾನ್ಯವಾಗಿ ಮುಗಿದುಬಿಡುತ್ತದೆ. ಹುಲ್ಲು ಬಂದ ಮೇಲೆ ಆ ಹುಲ್ಲು ಯಾರದಾಯಿತು ಎಂದು ಕೇಳುವವರು ಕಡಿಮೆ. ನಾನು ಇಂದು ಅದನ್ನೇ ಕೇಳಬೇಕೆಂದಿದ್ದೇನೆ.

ಮೊದಲು ಬಂಜರು ಎಂಬ ಹೆಸರು ಹೇಗೆ ಹುಟ್ಟಿತು ಎಂಬುದನ್ನು ನೋಡೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸೀಮೆಯಲ್ಲಿ ಒಂದು ಪಾಲು ಹೈದರಾಬಾದಿನ ನಿಜಾಮನಿಗೆ ಹೋಯಿತು. ಮರುವರ್ಷವೇ, 1800ರಲ್ಲಿ, ನಿಜಾಮ ಅದನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಸೀಮೆಗಳಿಗೆ ದತ್ತಮಂಡಲ ಎಂಬ ಹೆಸರು ಬಂದದ್ದು ಹಾಗೆ. ಅದರ ಮೊದಲ ಪ್ರಧಾನ ಕಲೆಕ್ಟರಾಗಿ ಬಂದವರು ಥಾಮಸ್ ಮನ್ರೋ. 1800ರಿಂದ 1807ರವರೆಗೆ ಏಳು ವರ್ಷ ಈ ನಾಡನ್ನು ಕುದುರೆಯ ಮೇಲೆ ಸುತ್ತಿದರು. ಪಾಳೇಗಾರರನ್ನು ಅಡಗಿಸಿ, ಹೊಲ ಹೊಲವನ್ನೂ ಅಳೆಸಿ, ರೈತನ ಹೆಸರಿಗೇ ಕಂದಾಯ ಕಟ್ಟುವ ರೈತವಾರಿ ಪದ್ಧತಿಯನ್ನು ಇಲ್ಲಿ ಊರಿಸಿದವರು ಅವರೇ. ಜನ ಅವರನ್ನು ಮೆಚ್ಚಿಕೊಂಡರು. ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟವರೂ ಇದ್ದರಂತೆ. ನಾನು ಅವರನ್ನು ಬೈಯಲು ಹೊರಟಿಲ್ಲ. ಉಳುವವನಿಗೂ ಸರ್ಕಾರಕ್ಕೂ ನಡುವೆ ಇದ್ದ ದಲ್ಲಾಳಿಯನ್ನು ತೆಗೆದದ್ದು ಸಣ್ಣ ಕೆಲಸವಲ್ಲ.

ಆದರೆ ಆ ಪದ್ಧತಿಯ ಕಣ್ಣಿಗೆ ಕಾಣುತ್ತಿದ್ದುದು ಒಂದೇ: ಕಂದಾಯ ಕೊಡುವ ಹೊಲ. ಯಾವ ಸರ್ವೆ ನಂಬರಿನ ಎದುರು ರೂಪಾಯಿ ಬರೆಯಲು ಆಗಲಿಲ್ಲವೋ ಅದು ಬಂಜರು. ಅದರಲ್ಲಿ ಮೊಣಕಾಲುದ್ದ ಹುಲ್ಲಿರಲಿ, ನೂರು ಹೊಂಗೆ ಮರವಿರಲಿ, ಮೂರು ಊರಿನ ದನ ಬದುಕುತ್ತಿರಲಿ, ಪುಸ್ತಕದಲ್ಲಿ ಮಾತ್ರ ಬಂಜರೇ. ಕುರಿ ಕಾಯುವ ಗೊಲ್ಲರಿಗೂ ಕುರುಬರಿಗೂ ಅದು ಜೀವ. ಸರ್ಕಾರಕ್ಕೆ ಅದು ಖಾಲಿ ಸಾಲು.

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ಅಲ್ಲಿ ಸಸ್ಪೆನ್ಸ್ ಅಕೌಂಟು ಎಂಬ ಒಂದು ಖಾತೆ ಇರುತ್ತದೆ. ಯಾರ ಹಣವೆಂದು ಸದ್ಯಕ್ಕೆ ಗೊತ್ತಾಗದ್ದನ್ನು ಅದರಲ್ಲಿ ಹಾಕುತ್ತೇವೆ. ಹಣ ಸುಳ್ಳಲ್ಲ, ಹಣದ ಹಿಂದೆ ಒಬ್ಬ ಮನುಷ್ಯನೂ ಇರುತ್ತಾನೆ. ಪುಸ್ತಕದಲ್ಲಿ ಮಾತ್ರ ಅವನ ಹೆಸರಿಲ್ಲ. ಈ ನಾಡಿನ ಗುಡ್ಡಗಳೂ ಇನ್ನೂರು ವರ್ಷದಿಂದ ಅಂಥದೊಂದು ಖಾತೆಯಲ್ಲಿ ಬಿದ್ದಿವೆ ಎಂದು ನನಗೆ ಅನ್ನಿಸುವುದುಂಟು.

ಹೆಸರಿಗೆ ಬಂಜರಾಗಿದ್ದ ನೆಲ ಬರುಬರುತ್ತಾ ನಿಜಕ್ಕೂ ಬಂಜರಾಯಿತು. ಅದಕ್ಕೆ ಒಂದೇ ಕಾರಣವೆಂದರೆ ತಪ್ಪಾಗುತ್ತದೆ. 1876ರಿಂದ 78ರ ಮಹಾ ಕ್ಷಾಮದಲ್ಲಿ ಬಳ್ಳಾರಿ, ಅನಂತಪುರದ ಕಡೆಯ ಜನ ದನ ಎರಡೂ ನೆಲ ಹಿಡಿದವು. ಆಮೇಲೆ ಸೌದೆ, ಇದ್ದಿಲಿನ ವ್ಯಾಪಾರ. ಇಪ್ಪತ್ತನೇ ಶತಮಾನದಲ್ಲಿ ಕಡಲೆಕಾಯಿ ಬಂತು. ರಾಗಿ, ಸಜ್ಜೆ, ನವಣೆ ಹಿಂದೆ ಸರಿದವು. ಕಡಲೆಕಾಯಿಗೆ ಬೆಲೆ ಬಂದಾಗ ಇಳಿಜಾರಿನ ತೆಳು ಮಣ್ಣನ್ನೂ ಉತ್ತರು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಅನಂತಪುರ, ಅದೂ ನಾಲ್ಕಾರು ಜೋರು ಮಳೆಯಲ್ಲಿ ಸುರಿದು ಹೋಗುವಂಥದು. ಹಿಡಿದುಕೊಳ್ಳಲು ಬೇರಿಲ್ಲದ ಗುಡ್ಡದ ಮಣ್ಣು ಕೆರೆಗೆ ಇಳಿಯಿತು. ಗುಡ್ಡ ಬೋಳಾಯಿತು, ಕೆರೆ ಹೂಳಾಯಿತು. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಇಡುವ ಚಾಳಿ ಬೇರೆ. ಬೂದಿಯ ಮೇಲೆ ಮೊದಲ ಮಳೆಗೆ ಎಳೆ ಹುಲ್ಲು ಬೇಗ ಬರುತ್ತದೆ ಎಂಬುದು ನಂಬಿಕೆ. ಹುಲ್ಲು ಬರುವುದು ನಿಜವೇ. ಅದರ ಜೊತೆಗೆ ತಲೆಯೆತ್ತಬೇಕಾದ ಮರದ ಸಸಿ ಮಾತ್ರ ಪ್ರತಿ ವರ್ಷವೂ ಸುಟ್ಟು ಹೋಗುತ್ತದೆ.

ಇದಕ್ಕೆ ಸರ್ಕಾರಗಳು ಏನೂ ಮಾಡಲಿಲ್ಲ ಎನ್ನುವಂತಿಲ್ಲ. 1933ರಲ್ಲಿಯೇ ಸೊಲ್ಲಾಪುರ, ಬಿಜಾಪುರಗಳಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರಗಳು ಶುರುವಾದವು. 1942ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಭೂಸುಧಾರಣಾ ಯೋಜನೆಗಳ ಕಾಯಿದೆ ಬಂದು, ಮುಂದೆ ಆ ಸೀಮೆಯಲ್ಲೆಲ್ಲ ಸಮಪಾತಳಿ ಒಡ್ಡುಗಳ ಕೆಲಸ ದೊಡ್ಡದಾಗಿ ನಡೆಯಿತು. ಜತ್ತ, ಅಕ್ಕಲಕೋಟೆಯ ಹಿರಿಯರು ಅದನ್ನು ಕಂಡಿರಬಹುದು. ಎಂಜಿನಿಯರ್ ಇಳಿಜಾರು ನೋಡಿ ಗೆರೆ ಎಳೆದ. ಆ ಗೆರೆ ಅಣ್ಣನ ಹೊಲದಿಂದ ತಮ್ಮನ ಹೊಲಕ್ಕೆ ಅಡ್ಡಡ್ಡ ಹೋಯಿತು. ಒಡ್ಡಿನ ಹಿಂದೆ ಒಬ್ಬನಿಗೆ ನೀರು ನಿಂತರೆ ಇನ್ನೊಬ್ಬನಿಗೆ ಎತ್ತು ತಿರುಗಿಸಲು ಜಾಗವಿಲ್ಲ. ಆಳವಾದ ಎರೆ ಭೂಮಿಯಲ್ಲಿ ನೀರು ಇಂಗದೆ ನಿಂತು ಒಡ್ಡೇ ಒಡೆಯಿತು. ತನ್ನ ಹೊಲದ ಎಲ್ಲೆಗೆ ಸರಿಯಾಗಿ ಇದ್ದ ಬದುವನ್ನು ರೈತ ಕಾಪಾಡಿಕೊಂಡ, ಸರ್ಕಾರದ ಒಡ್ಡನ್ನು ಬಹಳ ಕಡೆ ಉತ್ತುಬಿಟ್ಟ. ಒಡ್ಡು ಒಳ್ಳೆಯದೇ, ಅದು ಯಾರದು ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

ಈ ತೀರ್ಮಾನವನ್ನು ಮೊದಲು ಮಾಡಿಕೊಂಡು ಆಮೇಲೆ ನೆಲ ರಿಪೇರಿ ಮಾಡಿದ ಒಂದು ಊರಿದೆ. ಅದು ನಮ್ಮಿಂದ ಬಹಳ ದೂರ, ಹರಿಯಾಣದ ಶಿವಾಲಿಕ್ ಬೆಟ್ಟದ ಬುಡದಲ್ಲಿ. ಆದರೂ ಸ್ವಲ್ಪ ತಾಳ್ಮೆಯಿಂದ ಕೇಳಿ. ನಾನು ಮುಂದೆ ನಮ್ಮ ಸೀಮೆಯ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತದೆ.

ಊರಿನ ಹೆಸರು ಸುಖೋಮಾಜ್ರಿ. ಚಂಡೀಗಢ ನಗರ ಕಟ್ಟಿದಾಗ, 1958ರಲ್ಲಿ, ಒಂದು ಮಳೆಗಾಲದ ತೊರೆಗೆ ಅಡ್ಡಗಟ್ಟಿ ಸುಖ್ನಾ ಎಂಬ ಕೆರೆ ಮಾಡಿದರು. ಪೇಟೆಯವರು ಸಂಜೆ ತಿರುಗಾಡಲು, ದೋಣಿ ಬಿಡಲು ಮಾಡಿದ ಕೆರೆ ಅದು. ಹದಿನೈದು ಇಪ್ಪತ್ತು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಹೂಳು ತುಂಬಿತು. ಹೂಳೆತ್ತಿ ಎತ್ತಿ ಸಾಕಾದ ಮೇಲೆ, ಈ ಮಣ್ಣು ಬರುವುದಾದರೂ ಎಲ್ಲಿಂದ ಎಂದು ಹುಡುಕಲು ಹೊರಟರು. ಕೇಂದ್ರ ಮಣ್ಣು ಮತ್ತು ಜಲ ಸಂರಕ್ಷಣಾ ಸಂಸ್ಥೆಯ ಚಂಡೀಗಢ ಕೇಂದ್ರದ ಮುಖ್ಯಸ್ಥರಾಗಿದ್ದ ಪಿ. ಆರ್. ಮಿಶ್ರಾ ತೊರೆಯ ಗುಂಟ ಮೇಲೇರಿ ಹೋದರು. ಬಹುಪಾಲು ಹೂಳು ಬರುತ್ತಿದ್ದುದು ಸ್ವಲ್ಪವೇ ಜಾಗದಿಂದ. ಆ ಜಾಗದಲ್ಲಿ ಸುಖೋಮಾಜ್ರಿ ಎಂಬ ಬಡ ಹಳ್ಳಿ. ಹೆಚ್ಚಿನವರು ಗುಜ್ಜರರು. ಅಂಗೈಯಗಲ ಹೊಲ, ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಉಳಿದದ್ದಕ್ಕೆಲ್ಲ ಮೇಕೆ. ಮೇಕೆ ಮೇಯಲು ಅರಣ್ಯ ಇಲಾಖೆಯ ಬೆಟ್ಟ.

ಬೆಟ್ಟಕ್ಕೆ ಮೇಕೆ ಹೊಡೆಯಬೇಡಿ ಎಂದು ಹೇಳುವುದು ಸುಲಭ. ಮೇಕೆ ಬಿಟ್ಟು ತಿನ್ನುವುದೇನು ಎಂದು ಅವರು ಕೇಳಿದರೆ ಚಂಡೀಗಢದಲ್ಲಿ ಉತ್ತರವಿರಲಿಲ್ಲ. ಮಿಶ್ರಾ ಅವರ ತಂಡ 1976ರಲ್ಲಿ ಅಲ್ಲಿ ಒಂದು ಸಣ್ಣ ಮಣ್ಣಿನ ಕಟ್ಟೆ ಕಟ್ಟಿತು. ಅದರ ಮೂಲ ಉದ್ದೇಶ ಹೂಳು ತಡೆಯುವುದು. ಊರಿನವರ ಕಣ್ಣು ಬಿದ್ದದ್ದು ಅದರಲ್ಲಿ ನಿಂತ ನೀರಿನ ಮೇಲೆ. ಆ ನೀರು ಗೋಧಿಗೆ ಸಿಕ್ಕಿದಾಗ ಬೆಳೆ ಬಂತು. ಬೆಳೆ ಬಂದ ಮೇಲೆ, ಕಟ್ಟೆಯಲ್ಲಿ ಹೂಳು ತುಂಬಬಾರದು, ಹಾಗಾಗಿ ಮೇಲಿನ ಬೆಟ್ಟಕ್ಕೆ ಮೇಕೆ ಬಿಡಬಾರದು ಎಂಬುದು ಅವರಿಗೇ ತಿಳಿಯಿತು.

ಆದರೆ ಯಾರಿಗೆ ತಿಳಿಯಿತು? ಕಟ್ಟೆಯ ಕೆಳಗೆ ಹೊಲ ಇದ್ದವರಿಗೆ. ನೀರು ತಲುಪದ ಕಡೆ ಹೊಲ ಇದ್ದವನಿಗೆ, ಹೊಲವೇ ಇಲ್ಲದವನಿಗೆ ಈ ಕಟ್ಟೆಯಿಂದ ಬಂದದ್ದೇನು? ಅವನು ಮೇಕೆ ಹೊಡೆದುಕೊಂಡು ಬೆಟ್ಟಕ್ಕೆ ಹೋದ. ಒಬ್ಬನ ಮೇಕೆ ಹೋದರೆ ಹತ್ತು ಜನರ ಮೇಕೆ ಹೋದಂತೆಯೇ. ಯೋಜನೆ ಅಲ್ಲಿಗೇ ನಿಲ್ಲಬಹುದಿತ್ತು.

ಆಗ ಮಾಡಿಕೊಂಡ ಕರಾರು ಇದು. ಕಟ್ಟೆಯ ನೀರು ಊರಿನ ಎಲ್ಲ ಮನೆಗೂ ಸಮಪಾಲು. ಹತ್ತು ಎಕರೆ ಇದ್ದವನಿಗೂ ಅಷ್ಟೇ, ಅಂಗುಲ ನೆಲ ಇಲ್ಲದವನಿಗೂ ಅಷ್ಟೇ. ನೆಲವಿಲ್ಲದವನು ತನ್ನ ಪಾಲಿನ ನೀರನ್ನು ಇನ್ನೊಬ್ಬನಿಗೆ ಮಾರಬಹುದು, ಇಲ್ಲವೇ ನೀರು ಕೊಟ್ಟು ಪಾಲಿಗೆ ಹೊಲ ಮಾಡಬಹುದು. ಪ್ರತಿ ಮನೆಯೂ ಸಂಘದ ಸದಸ್ಯ. ಬೆಟ್ಟಕ್ಕೆ ಮೇಕೆ ಬಿಟ್ಟರೆ ಪಾಲು ಹೋಗುತ್ತದೆ. ಮುಳ್ಳುತಂತಿ ಬೇಲಿಗೆ ಬದಲು ಈ ಕರಾರೇ ಬೇಲಿಯಾಯಿತು. ಓದಿದವರು ಅದಕ್ಕೆ ಸಾಮಾಜಿಕ ಬೇಲಿ ಎಂದು ಹೆಸರಿಟ್ಟರು.

ಕೆಲವೇ ವರ್ಷದಲ್ಲಿ ಬೆಟ್ಟದಲ್ಲಿ ಭಾಬರ್ ಎಂಬ ಹುಲ್ಲು ಸೊಂಪಾಗಿ ಬಂತು. ಹಗ್ಗ ಹೊಸೆಯಲು, ಕಾಗದದ ಕಾರ್ಖಾನೆಗೆ ಆ ಹುಲ್ಲು ಬೇಕು. ಮೊದಲು ಅದನ್ನು ಅರಣ್ಯ ಇಲಾಖೆ ಹರಾಜಿನಲ್ಲಿ ಗುತ್ತಿಗೆದಾರನಿಗೆ ಕೊಡುತ್ತಿತ್ತು. ಊರಿನವರು ತಮ್ಮ ಬೆಟ್ಟದ ಹುಲ್ಲನ್ನೇ ಅವನಿಗೆ ದುಡ್ಡು ಕೊಟ್ಟು ತರಬೇಕಿತ್ತು. ಈಗ ಗುತ್ತಿಗೆ ಊರಿನ ಸಂಘಕ್ಕೇ ಸಿಕ್ಕಿತು. ಮೇಕೆ ಬೆರಳೆಣಿಕೆಗೆ ಇಳಿದು, ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ಎಮ್ಮೆಗಳು ಬಂದವು. ಹಾಲು ಪೇಟೆಗೆ ಹೋಯಿತು. ಸುಖ್ನಾ ಕೆರೆಗೆ ಆ ದಿಕ್ಕಿನಿಂದ ಬರುವ ಹೂಳೂ ಬಹಳ ಇಳಿಯಿತು.

ಅದೇ ಹೊತ್ತಿನಲ್ಲಿ ಇನ್ನೆರಡು ಕಡೆ ಇದೇ ಬುದ್ಧಿ ಓಡಿತ್ತು. ಪಶ್ಚಿಮ ಬಂಗಾಳದ ಅರಾಬಾರಿಯಲ್ಲಿ 1972ರಿಂದ ಎ. ಕೆ. ಬ್ಯಾನರ್ಜಿ ಎಂಬ ಅರಣ್ಯಾಧಿಕಾರಿ, ಕಾಡು ಕಾಯ್ದ 618 ಮನೆಗಳಿಗೆ ಮರದ ಆದಾಯದಲ್ಲಿ ನಾಲ್ಕಾಣೆ ಪಾಲು ಎಂದು ಗೊತ್ತು ಮಾಡಿದರು. ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ನಾಯಗಾಂವದಲ್ಲಿ ವಿಲಾಸರಾವ್ ಸಾಳುಂಖೆ ಎಂಬ ಎಂಜಿನಿಯರು 1972ರ ಬರ ಕಂಡು, ದೇವಸ್ಥಾನದ 16 ಹೆಕ್ಟೇರ್ ಬರಡು ನೆಲ ಗುತ್ತಿಗೆ ಹಿಡಿದು, ಪಾಣಿ ಪಂಚಾಯತ್ ಕಟ್ಟಿದರು. ಅಲ್ಲಿ ನೀರಿನ ಲೆಕ್ಕ ಎಕರೆಯ ಮೇಲಲ್ಲ, ತಲೆಯ ಮೇಲೆ: ಒಬ್ಬರಿಗೆ ಅರ್ಧ ಎಕರೆಯ ನೀರು, ಒಂದು ಮನೆಗೆ ಎರಡೂವರೆ ಎಕರೆಗೆ ಮೀರಬಾರದು. ಕಬ್ಬು ಹಾಕುವಂತಿಲ್ಲ. ಭೂಮಿ ಇಲ್ಲದವರಿಗೂ ಪಾಲು ಉಂಟು. ಸೊಲ್ಲಾಪುರ ಜಿಲ್ಲೆಯ ಬಂಧುಗಳಿಗೆ ಕಬ್ಬಿನ ಮಾತು ಏಕೆ ಬಂತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲ ನೋಡಿ ದಿಲ್ಲಿಯೂ ಎಚ್ಚೆತ್ತಿತು. 1985ರಲ್ಲಿ ರಾಷ್ಟ್ರೀಯ ಬಂಜರು ಭೂಮಿ ಅಭಿವೃದ್ಧಿ ಮಂಡಳಿ ಹುಟ್ಟಿತು. ವರ್ಷಕ್ಕೆ 50 ಲಕ್ಷ ಹೆಕ್ಟೇರ್ ಹಸಿರು ಮಾಡುತ್ತೇವೆ ಎಂದರು. ಅಷ್ಟು ಎಲ್ಲಿಯೂ ಆಗಲಿಲ್ಲ ಬಿಡಿ. 1988ರಲ್ಲಿ ಹೊಸ ಅರಣ್ಯ ನೀತಿ, 1990ರ ಜೂನ್‌ನಲ್ಲಿ ಜನರನ್ನು ಸೇರಿಸಿಕೊಂಡು ಕಾಡು ಬೆಳೆಸಿ ಎಂಬ ಸುತ್ತೋಲೆ. ಆಂಧ್ರದಲ್ಲಿ ವನ ಸಂರಕ್ಷಣ ಸಮಿತಿಗಳು ಬಂದವು, ಕರ್ನಾಟಕದಲ್ಲಿ ಗ್ರಾಮ ಅರಣ್ಯ ಸಮಿತಿಗಳು. ಆದರೆ ಅವೆಲ್ಲ ಅರಣ್ಯ ಇಲಾಖೆಯ ನೆಲದ ಮಾತು. ಕಂದಾಯ ಇಲಾಖೆಯ ಬಂಜರು ಅಲ್ಲಿಯೂ ಲೆಕ್ಕದ ಹೊರಗೇ ಉಳಿಯಿತು.

ಈಗ ನಮ್ಮ ಸೀಮೆಗೆ ಬರೋಣ. ಮಡಕಶಿರಾದಿಂದ ಈಶಾನ್ಯಕ್ಕೆ, ಪೆನುಗೊಂಡೆ ಕೋಟೆಯನ್ನು ದಾಟಿದರೆ ಚೆನ್ನೇಕೊತ್ತಪಲ್ಲಿ. ಇದೆಲ್ಲ ಹಿಂದೆ ಅನಂತಪುರ ಜಿಲ್ಲೆ. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. 1990ರಲ್ಲಿ ಅಲ್ಲಿ ಕೆಲವು ಸ್ನೇಹಿತರು 32 ಎಕರೆ ಬೋಳು ನೆಲ ಕೊಂಡು ಟಿಂಬಕ್ಟು ಎಂದು ಹೆಸರಿಟ್ಟು ಕುಳಿತರು. ಗಿಡ ನೆಡುವುದಕ್ಕಿಂತ ಮೊದಲು ಅವರು ಮಾಡಿದ್ದು ಕಾಯುವ ಕೆಲಸ. ಕಡಿಯದೆ, ಸುಡದೆ ಬಿಟ್ಟರೆ ಮಣ್ಣೊಳಗೆ ಇನ್ನೂ ಜೀವ ಹಿಡಿದಿರುವ ಬೇರು ತಾನೇ ಚಿಗುರುತ್ತದೆ ಎಂಬುದು ಕಣ್ಣಿಗೆ ಕಂಡಿತು. ಅದನ್ನು ನೋಡಿದ ಸುತ್ತಲ ಊರಿನವರು, ನಮ್ಮ ಗುಡ್ಡಕ್ಕೂ ಹೀಗೆ ಮಾಡಬಹುದೇ ಎಂದರು. 1992–93ರ ಹೊತ್ತಿಗೆ ಮುಷ್ಟಿಕೋವಿಲದ ಕಡೆಯಿಂದ ಆರಂಭವಾಗಿ, ಚೆನ್ನೇಕೊತ್ತಪಲ್ಲಿ, ರಾಮಗಿರಿ, ರೊದ್ದಂ ಮಂಡಲಗಳ ಹಲವು ಊರು ಸೇರಿ ಏಳು ಸಾವಿರ ಎಕರೆಗೂ ಮಿಕ್ಕ ಗುಡ್ಡಸಾಲನ್ನು ಕಾಯತೊಡಗಿದವು. ಅದಕ್ಕೆ ಕಲ್ಪವಲ್ಲಿ ಎಂದು ಹೆಸರಿಟ್ಟರು.

ಅಲ್ಲಿನ ಕೆಲಸ ಕೇಳಿದರೆ ನಿಮಗೆ ಇಷ್ಟೇನಾ ಎನಿಸಬಹುದು. ಊರೂರಿಗೆ ಸಮಿತಿ. ಗುಡ್ಡ ಕಾಯಲು ಕಾವಲುಗಾರರು. ಬೇಸಿಗೆಗೆ ಮುಂಚೆ ಹುಲ್ಲು ಹೆರೆದು ಬೆಂಕಿ ದಾಟದ ಹಾಗೆ ಅಗಲವಾದ ಗೆರೆ ತೆಗೆಯುವುದು. ಎಲ್ಲಾದರೂ ಹೊಗೆ ಕಂಡರೆ ಹಸಿ ಸೊಪ್ಪಿನ ಕಂತೆ ಹಿಡಿದು ಓಡುವುದು. ಮಳೆಗೆ ಮುಂಚೆ ಬೇವು, ಹೊಂಗೆಯ ಬೀಜ ಎರಚುವುದು. ಹಸಿ ಮರಕ್ಕೆ ಕೊಡಲಿ ಹಾಕಬಾರದು. ಅಷ್ಟೇ. ಇದನ್ನು ಒಂದು ವರ್ಷ ಮಾಡುವುದು ದೊಡ್ಡದಲ್ಲ. ಇಪ್ಪತ್ತು ವರ್ಷ ಬಿಡದೆ ಮಾಡುವುದು ದೊಡ್ಡದು.

ಗುಡ್ಡ ಚೇತರಿಸಿಕೊಂಡಿತು. ಹಳ್ಳದ ಗುಂಟ ಈಚಲು ಎದ್ದವು. ಅದರ ಗರಿಯಿಂದ ಹೆಂಗಸರು ಬುಟ್ಟಿ, ಚಾಪೆ ಹೆಣೆದರು. ಸೂರಿಗೆ ಹೊದಿಸುವ ಹುಲ್ಲು, ತೆಲುಗಿನಲ್ಲಿ ಬೋದ ಎನ್ನುತ್ತಾರಲ್ಲ, ಅದು ಹೊರೆಹೊರೆ ಬಂತು. ಮಳೆ ನಿಂತ ಮೇಲೂ ಹಳ್ಳದಲ್ಲಿ ಕೆಲವು ತಿಂಗಳು ನೀರು ಉಳಿಯಿತು, ಕೆಳಗಿನ ಕೆರೆಗಳಿಗೆ ತಿಳಿನೀರು ಇಳಿಯಿತು. ಕೃಷ್ಣಮೃಗ ಬಂದವು, ಅವುಗಳ ಹಿಂದೆ ತೋಳವೂ ಬಂತು.

ಇಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಕುರಿಗಾಹಿಗೆ ಬಾಗಿಲು ಮುಚ್ಚಲಿಲ್ಲ. ನೆಲ ಸುಧಾರಿಸುವವರ ಮೊದಲ ಮಾತೇ ಮೇಯುವಿಕೆ ನಿಲ್ಲಿಸಿ ಎಂಬುದು. ಹಿಂದೆ ಅಹಮದನಗರ ಎನ್ನುತ್ತಿದ್ದ ಜಿಲ್ಲೆಯ ರಾಳೇಗಣ ಸಿದ್ಧಿ, ಹಿವರೆ ಬಾಜಾರ್ ಎರಡೂ ಹೆಸರಾಂತ ಊರುಗಳು. ನೀರು ಇಂಗಿಸಿ ಬರವನ್ನು ಗೆದ್ದದ್ದು ಸುಳ್ಳಲ್ಲ. ಆದರೆ ಅಂಥ ಊರುಗಳಲ್ಲೆಲ್ಲ ಮುಕ್ತ ಮೇಯುವಿಕೆಗೆ ತಡೆ ಬಿದ್ದಾಗ ಮೊದಲು ಕುರಿ ಮಾರಬೇಕಾದವನು ಹೊಲ ಇಲ್ಲದವನು. ಒಡ್ಡಿನ ನೀರು ಬಾವಿಗೆ ಇಳಿಯುತ್ತದೆ. ಬಾವಿ ಇರುವುದು ಹೊಲ ಇದ್ದವನಿಗೆ. ಬೆಟ್ಟ ಮುಚ್ಚಿದ ನಷ್ಟ ಒಬ್ಬನಿಗೆ, ನೀರು ಬಂದ ಲಾಭ ಮತ್ತೊಬ್ಬನಿಗೆ. ಈ ಜಮಾ ಖರ್ಚನ್ನು ಯಾರೂ ಒಂದೇ ಹಾಳೆಯಲ್ಲಿ ಬರೆಯುವುದಿಲ್ಲ. ಸುಖೋಮಾಜ್ರಿಯಲ್ಲಿ ನೀರಿನ ಪಾಲು ಕೊಟ್ಟು ಅದನ್ನು ಸರಿದೂಗಿಸಿದರು. ಕಲ್ಪವಲ್ಲಿಯಲ್ಲಿ ಬೆಂಕಿಯನ್ನೂ ಕೊಡಲಿಯನ್ನೂ ತಡೆದು ಕುರಿಯನ್ನು ಬಿಟ್ಟರು. ದೂರದೂರದ ಊರುಗಳ ಹಿಂಡುಗಳೂ ಅಲ್ಲಿಗೆ ಬಂದವು. ಕುರುಬರಿಗೂ ಗೊಲ್ಲರಿಗೂ ಆ ಗುಡ್ಡ ಬರಗಾಲದ ಆಸರೆಯಾಯಿತು.

ಆಮೇಲೆ ಬಂತು ಗಾಳಿಯಂತ್ರ.

ಗುಡ್ಡದ ನೆತ್ತಿಯಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ. ನಲ್ಲಕೊಂಡ ಎಂಬ ಗುಡ್ಡಸಾಲಿನಲ್ಲಿ 50.4 ಮೆಗಾವಾಟ್ ವಿದ್ಯುತ್ತಿಗೆ 63 ಕಂಬಗಳು ಎದ್ದವು. ಅಷ್ಟು ದೊಡ್ಡ ರೆಕ್ಕೆಗಳನ್ನು ಹೊತ್ತ ಲಾರಿ ಗುಡ್ಡ ಹತ್ತಬೇಕಾದರೆ ಕಾಲುದಾರಿ ಸಾಲದು. ಗುಡ್ಡದ ಮೈ ಕಡಿದು ಅಗಲವಾದ ರಸ್ತೆ ಮಾಡಿದರು. ಮರಗಳು ಹೋದವು. ಕಡಿದ ಮಣ್ಣು ಮಳೆಗೆ ಜಾರಿ ಹಳ್ಳಕ್ಕೆ ಇಳಿಯಿತು. ಇಪ್ಪತ್ತು ವರ್ಷ ಯಾವುದನ್ನು ಹಿಡಿದು ನಿಲ್ಲಿಸಿದ್ದರೋ ಅದೇ ಮಣ್ಣು.

ಊರಿನವರು, ಇದು ನಾವು ಬೆಳೆಸಿದ ಕಾಡು ಎಂದರು. ಕಾಗದ ಏನು ಹೇಳುತ್ತಿತ್ತು? ಕಂದಾಯ ಇಲಾಖೆಯ ಬಂಜರು. ಮನ್ರೋ ಕಾಲದಿಂದ ಆ ಖಾನೆಯಲ್ಲಿ ಇದ್ದ ಹೆಸರು ಹಾಗೇ ಇತ್ತು. ಗುಡ್ಡದಲ್ಲಿ ಮರ ಬಂದಿತ್ತು, ಹುಲ್ಲು ಬಂದಿತ್ತು, ತೋಳ ಬಂದಿತ್ತು. ಪುಸ್ತಕಕ್ಕೆ ಮಾತ್ರ ಯಾವುದೂ ಬಂದಿರಲಿಲ್ಲ. ನೆಲ ಸರ್ಕಾರದ್ದು, ಪರವಾನಗಿ ಸರ್ಕಾರದ್ದು. ಅರಣ್ಯ ಎಂದು ದಾಖಲೆ ಇದ್ದಿದ್ದರೆ ಅರಣ್ಯ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತಿತ್ತು. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಗಾಳಿ ವಿದ್ಯುತ್ ಸೇರಿಲ್ಲವಾದ್ದರಿಂದ ಆ ದಾರಿಯಲ್ಲೂ ಜನರನ್ನು ಕೇಳುವ ಸಭೆ ನಡೆಯಬೇಕಾದ ಅಗತ್ಯ ಬೀಳಲಿಲ್ಲ. 2013ರಲ್ಲಿ ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. ಅಷ್ಟು ಹೊತ್ತಿಗೆ ಕಂಬಗಳು ನಿಂತಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರೆ. ಇಲ್ಲಿ ಮಳೆರಾಯ ಕೊಟ್ಟರೂ ಸರ್ವೆ ಪುಸ್ತಕ ಕೊಡಲಿಲ್ಲ.

ಗಾಳಿಯಿಂದ ಬರುವ ಕರೆಂಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯ ದೀಪವೂ ಉರಿಯಬೇಕು, ಪಂಪೂ ಓಡಬೇಕು. ಇದರ ಪಕ್ಕದಲ್ಲಿಟ್ಟು ಪಾವಗಡವನ್ನು ನೋಡಿ. ಮಡಕಶಿರಾದವರಿಗೆ ಅದು ನೆಂಟರ ಊರು. ಕರ್ನಾಟಕದ ತಾಲ್ಲೂಕು, ಸುತ್ತ ಬಹುಪಾಲು ಆಂಧ್ರ. ಅಲ್ಲಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಬಂತು. ಅದು ರೈತರ ಪಟ್ಟಾ ಜಮೀನು. ಹಾಗಾಗಿ ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ ಎಂಬ ಕರಾರು. ಕಾಗದದಲ್ಲಿ ಹೆಸರಿದ್ದವನಿಗೆ ಕೂತಲ್ಲಿ ಬಾಡಿಗೆ ಬಂತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಕೊಯ್ಲಾದ ಮೇಲೆ ಕೂಳೆಯಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಬಾಡಿಗೆಯಲ್ಲಿ ಪಾಲಿಲ್ಲ. ಬಿಸಿಲು ಅದೇ, ಗಾಳಿ ಅದೇ, ನಡುವೆ ಕೆಲವೇ ಹರದಾರಿ. ಫಲ ಯಾರಿಗೆ ಎಂಬುದನ್ನು ತೀರ್ಮಾನಿಸಿದ್ದು ಒಂದು ಹಾಳೆ ಕಾಗದ.

ಹಾಗೆಯೇ ರಾಯದುರ್ಗದ ಬಂಧುಗಳಿಗೆ ಚಳ್ಳಕೆರೆಯ ಅಮೃತಮಹಲ್ ಕಾವಲು ಗೊತ್ತೇ ಇದೆ. ಮೈಸೂರು ಅರಸರ ಕಾಲದ ಹುಲ್ಲುಗಾವಲು. 2008ರಿಂದ 2010ರ ನಡುವೆ ಅದರಲ್ಲಿ ಸುಮಾರು 10,000 ಎಕರೆ ಸಂಶೋಧನಾ ಸಂಸ್ಥೆಗಳಿಗೂ ರಕ್ಷಣಾ ಕೆಲಸಗಳಿಗೂ ಹಂಚಿಕೆಯಾಯಿತು. ದನ ಕಾಯುವವರಿಗೆ ವಿಷಯ ತಿಳಿದದ್ದು ಗೋಡೆ ಏಳುವಾಗ.

ಸುಖೋಮಾಜ್ರಿಯ ಕಥೆಯನ್ನು ನಾನು ಪೂರ್ತಿ ಹೇಳಲಿಲ್ಲ. ಅಲ್ಲಿ ಊರಿನವರಿಗೆ ಸಿಕ್ಕಿದ್ದು ಕರಾರು, ಹಕ್ಕಲ್ಲ. ಬೆಟ್ಟ ಇಲಾಖೆಯದೇ ಆಗಿ ಉಳಿದಿತ್ತು. ಹುಲ್ಲು ದುಡ್ಡಾದ ಮೇಲೆ ಇಲಾಖೆಗೆ ಎಷ್ಟು, ಸಂಘಕ್ಕೆ ಎಷ್ಟು ಎಂಬ ತಕರಾರು ಎದ್ದಿತು. ಹಾಳು ಬೆಟ್ಟವನ್ನು ಹಸಿರು ಮಾಡಿ ಗಳಿಸಿದ ದುಡ್ಡಿನ ಮೇಲೆ ಆದಾಯ ತೆರಿಗೆ ಕಟ್ಟಿ ಎಂದೂ ಬಂತು. ಬೋಳಾಗಿದ್ದಾಗ ಆ ಬೆಟ್ಟದಲ್ಲಿ ಪಾಲು ಕೇಳಿಕೊಂಡು ಯಾರೂ ಬಂದಿರಲಿಲ್ಲ ನೋಡಿ. ಸಂಘದ ಕೈಯಲ್ಲಿ ದುಡ್ಡು ಕಡಿಮೆಯಾಯಿತು, ಕಟ್ಟೆಗಳಲ್ಲಿ ಹೂಳು ತುಂಬುತ್ತ ಬಂತು, ತೆಗೆಸುವವರು ಕಡಿಮೆಯಾದರು. 1980ರ ದಶಕದಲ್ಲಿ ದೇಶಕ್ಕೇ ಪಾಠವಾಗಿದ್ದ ಊರು ಮುಂದಿನ ಇಪ್ಪತ್ತು ವರ್ಷದಲ್ಲಿ ಸಾಮಾನ್ಯ ಊರಾಗುತ್ತ ಬಂತು. ಬೆಟ್ಟದ ಮರಗಳು ಮಾತ್ರ ನಿಂತವು.

ಕಾನೂನುಗಳು ಬಂದಿಲ್ಲವೆಂದಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಊರಿಗೆ ಸಾಮೂಹಿಕ ಹಕ್ಕು ಕೊಡುತ್ತದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಊರುಗಳು ಅದನ್ನು ಪಡೆದು ಬಿದಿರು ಮಾರಿಕೊಂಡವು. ಆದರೆ ಅದು ಅರಣ್ಯ ಭೂಮಿಯ ಮಾತು. ಕಂದಾಯ ಬಂಜರಿಗೆ ಅದು ಸುಲಭವಾಗಿ ಹೊಂದುವುದಿಲ್ಲ. 2011ರ ಜನವರಿ 28ರಂದು ಸುಪ್ರೀಂ ಕೋರ್ಟು ಜಗ್‌ಪಾಲ್ ಸಿಂಗ್ ಮೊಕದ್ದಮೆಯಲ್ಲಿ, ಊರಿನ ಸಮುದಾಯದ ನೆಲವನ್ನು ಒತ್ತುವರಿಯಿಂದ ಬಿಡಿಸಿ ಊರಿಗೇ ಮರಳಿ ಕೊಡಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು ಎಂದಿತು. ಒಳ್ಳೆಯ ತೀರ್ಪು. ಒತ್ತುವರಿ ಮಾಡಿದವನು ಪಕ್ಕದ ಮನೆಯವನಾದರೆ ಅದು ಉಪಯೋಗಕ್ಕೆ ಬರುತ್ತದೆ. ಸರ್ಕಾರವೇ ಬೇರೆಯವರಿಗೆ ಕೊಟ್ಟರೆ ಕಷ್ಟ.

ನಮ್ಮಂಥ ಗಡಿ ಊರಿನವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ನಮ್ಮ ಗುಡ್ಡದ ಹೆಸರು ಕನ್ನಡದಲ್ಲಿ, ಅದರ ದಾಖಲೆ ಬೇರೆ ಭಾಷೆಯಲ್ಲಿ. 1953ರಲ್ಲಿ ಆಂಧ್ರ ರಾಜ್ಯವಾದಾಗ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿಯಿಂದ ಬಿಟ್ಟು ಬಂದವು. ಮಡಕಶಿರಾ ಅದಕ್ಕೂ ಮೊದಲಿನಿಂದ ಅನಂತಪುರದಲ್ಲೇ. ಅಜ್ಜಿ ಕರೆಯುವ ಹೆಸರಿನಲ್ಲಿ ಹುಡುಕಿದರೆ ಆ ಜಾಗ ಪುಸ್ತಕದಲ್ಲಿ ಸಿಗುವುದಿಲ್ಲ. ಸರ್ವೆ ನಂಬರು ತಿಳಿದಿರಬೇಕು. ಆಂಧ್ರದಲ್ಲಿ ಅಡಂಗಲ್ ಮತ್ತು ಅದಕ್ಕೂ ಮೂಲವಾದ ಆರ್‌ಎಸ್‌ಆರ್, ಮಹಾರಾಷ್ಟ್ರದಲ್ಲಿ ಸಾತಬಾರಾ ಉತಾರ, ತಮಿಳುನಾಡಿನಲ್ಲಿ ಎ ರಿಜಿಸ್ಟರ್, ಕೇರಳದಲ್ಲಿ ಬಿಟಿಆರ್. ನೋಟೀಸು ಚಾವಡಿಯ ಗೋಡೆಗೆ ಅಂಟಿದಾಗ ಓದಿದವರು ಇಬ್ಬರು, ಓದಿ ಹೇಳಿದವರು ಯಾರೂ ಇಲ್ಲ ಎಂಬ ಸ್ಥಿತಿ ಎಷ್ಟು ಊರುಗಳಲ್ಲಿ ಇಲ್ಲ ಹೇಳಿ! 2020ರ ಡಿಸೆಂಬರ್‌ನಲ್ಲಿ ಆಂಧ್ರದಲ್ಲಿ ಡ್ರೋನ್ ಹಾರಿಸಿ ಮರುಸರ್ವೆ ಶುರುವಾದಾಗ ಎಲ್ಲರೂ ತಮ್ಮ ತಮ್ಮ ಹೊಲದ ಕಲ್ಲಿನ ಹತ್ತಿರ ನಿಂತಿದ್ದರು. ಗೋಮಾಳದ ಕಲ್ಲಿನ ಹತ್ತಿರ ನಿಲ್ಲುವುದು ಯಾರ ಕೆಲಸ?

ನಿಮ್ಮ ಊರಿನ ಗುಡ್ಡದ ಸರ್ವೆ ನಂಬರು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಅರ್ಜಿ ಶುಲ್ಕ ಹತ್ತು ರೂಪಾಯಿಯ ಆಸುಪಾಸು, ನಕಲಿಗೆ ಪುಟಕ್ಕೆ ಇಷ್ಟೆಂದು ಬೇರೆ. ವಿಸ್ತೀರ್ಣ ಎಷ್ಟು, ಯಾವ ಹೆಸರಿನಲ್ಲಿ ವರ್ಗೀಕರಣವಾಗಿದೆ, ಯಾರಿಗಾದರೂ ಹಂಚಿಕೆಯಾಗಿದೆಯೇ ಎಂಬ ಮೂರು ಪ್ರಶ್ನೆ ಸಾಕು. ಉತ್ತರ ಬಂದ ಮೇಲೆ ಅದನ್ನು ಗ್ರಾಮಸಭೆಯಲ್ಲಿ ಎರಡು ಭಾಷೆಯಲ್ಲೂ ಓದಿಸಿ, ನಡವಳಿ ಪುಸ್ತಕದಲ್ಲಿ ಬರೆಸಿ. ಗುಡ್ಡ ಕಾಯುವ ಸಂಘ ಇದ್ದರೆ ಅದು ಯಾವ ವರ್ಷದಿಂದ ಕಾಯುತ್ತಿದೆ, ಬೆಂಕಿ ಗೆರೆ ತೆಗೆಸಲು ಎಷ್ಟು ಕೂಲಿ ಕೊಟ್ಟಿತು ಎಂಬುದನ್ನೂ ಬರೆಸಿಡಿ. ಗಿಡ ನೆಟ್ಟ ಫೋಟೋಕ್ಕಿಂತ ಆ ಕೂಲಿ ರಸೀದಿಗೆ ಬೆಲೆ ಹೆಚ್ಚು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಾಗದಗಳ ಮುಖ ನೋಡಿದವನ ಮಾತು ಇದು.

ಈಗ ಸಂಕ್ರಾಂತಿ ಕಳೆದರೆ ಹುಲ್ಲು ಒಣಗಲು ಶುರುವಾಗುತ್ತದೆ. ಬೆಂಕಿ ಗೆರೆ ತೆಗೆಯುವವರು ಶಿವರಾತ್ರಿಯ ಒಳಗೆ ತೆಗೆದು ಮುಗಿಸುವುದು ಒಳ್ಳೆಯದು. ಆಮೇಲೆ ಬಿಸಿಲೂ ಗಾಳಿಯೂ ಸೇರಿದರೆ ಒಂದು ಬೀಡಿ ತುಂಡು ಸಾಕು. ಗೆರೆಯ ಅಗಲ ಕಡಿಮೆ ಮಾಡಬೇಡಿ, ಹೆರೆದ ಹುಲ್ಲನ್ನು ಅಲ್ಲೇ ಬಿಡದೆ ದನಕ್ಕೆ ಹೊತ್ತು ತನ್ನಿ.